ಖಾಲಿ ಇದ್ದರೆ ಬಿಡು

ಜನವರಿ 3, ಶನಿವಾರ

ಒಂಬತ್ತು ಗಂಟೆಗೆ ಸರಿಯಾಗಿ ಕರ್ಟ್‌ನ ಫೋನು. ಓರಿನ್ ಹೋದ ಮೇಲೆ, ಅಕ್ಟೋಬರ್‌ನಿಂದ, ಅವನ ಈ ಗೆಳೆಯ ಒಂದು ದಿನವೂ ಬಿಟ್ಟಿಲ್ಲ, ಕ್ರಿಸ್‌ಮಸ್ ದಿನ ಕೂಡ.

“ಹೆಂಗಿದ್ದೀಯ ಇನೆಜ್?”

“ಬದುಕಿದ್ದೀನಿ,” ಎಂದು ಇಟ್ಟೆ.

ಇದು ಮಾರ್ಲಿಸ್‌ಳ ಕೆಲಸ ಎನ್ನುವುದು ನನಗೆ ಗೊತ್ತಿಲ್ಲವೇ? ಗಂಡ ಸತ್ತ ಹೆಂಗಸು, ಒಬ್ಬಳೇ ಇದ್ದಾಳೆ, ಪಾಪ, ದಿನಾ ಒಮ್ಮೆ ಮಾತಾಡಿಸು ಎಂದು ಹಚ್ಚಿದ್ದಾಳೆ. ನನಗೆ ಅರವತ್ತಮೂರು, ತೊಂಬತ್ತಮೂರಲ್ಲ. ಮನೆ ಮುಂದಿನ ಹಿಮವನ್ನು ನಾನೇ ಬಾಚಿ ಹಾಕುತ್ತೇನೆ. ಈ ಅನುಕಂಪ ಕಂಡರೆ ಮೈಯೆಲ್ಲ ಉರಿಯುತ್ತದೆ.

ಮಧ್ಯಾಹ್ನ ಮಾರ್ಲಿಸ್ ಬಟಾಣಿ ಸಾರಿನ ಪಾತ್ರೆ ಹಿಡಿದುಕೊಂಡು ತಾನೇ ಬಂದಳು. ಬಂದದ್ದು ಸಾರು ಕೊಡಲಿಕ್ಕಲ್ಲ.

“ಓರಿನ್ ಮಾಡಿಟ್ಟ ಪಟ್ಟಿ ಹೊಸ ಸಿಸ್ಟಮ್‌ಗೆ ಹೋಗ್ತಾ ಇಲ್ಲ ಕಣೇ. ಒಂದೊಂದು ಕೋಣೆಯಲ್ಲಿ ಐದೈದು ಹೆಸರು ತುರುಕಿದ್ದಾನೆ. ಹನ್ನೆರಡನೇ ತಾರೀಕು ಹೊಸದು ಶುರುವಾಗ್ಬೇಕು. ನಿನ್ನ ಬಿಟ್ರೆ ಇನ್ಯಾರಿದ್ದಾರೆ?”

“ಹಂಗೆ ತುರುಕಬೇಡ ಅಂತ ಹತ್ತೊಂಬತ್ತು ವರ್ಷ ಬಡ್ಕೊಂಡೆ. ಕೇಳಿದ್ನಾ?”

“ಈಗ ಕೇಳ್ತಾನೆ ಬಿಡು,” ಎಂದಳು ಮಾರ್ಲಿಸ್. ಅಂದ ಮೇಲೆ ತಾನೇ ಅತ್ತಳು. ನಾನು ಅಳಲಿಲ್ಲ, ಸಾರನ್ನು ಫ್ರಿಜ್‌ನಲ್ಲಿಟ್ಟೆ.

ಈ ಸರೋವರದ ದಂಡೆಯ ಮೂರು ಊರುಗಳಲ್ಲಿ ಒಂಟಿಯಾಗಿರುವವರಿಗೆ ಮಾರ್ಲಿಸ್ ನಡೆಸುವ ಕಚೇರಿಯವರು ದಿನಾ ಬೆಳಿಗ್ಗೆ ಫೋನ್ ಮಾಡುತ್ತಾರೆ, ಕರ್ಟ್ ಕೂಡ ಅವರಲ್ಲೊಬ್ಬ. ‘ಬೆಳಗಿನ ಕರೆ’ ಎಂದು ಹೆಸರು. ಎರಡು ಸಲ ಮಾಡಿದರೂ ಎತ್ತದಿದ್ದರೆ ಆ ಹೆಸರಿನ ಮುಂದೆ ಬರೆದಿರುವ ಆಪ್ತರಿಗೆ ಹೇಳಬೇಕು, ಅವರು ಹೋಗಿ ಬಾಗಿಲು ಬಡಿಯಬೇಕು. ಇಷ್ಟೇ. ಇಷ್ಟರಿಂದಲೇ ಪ್ರತಿ ಚಳಿಗಾಲ ಒಂದಿಬ್ಬರ ಜೀವ ಉಳಿಯುತ್ತದೆ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಬಿದ್ದವರು ಬಹಳ ಹೊತ್ತು ತಡೆಯುವುದಿಲ್ಲ.

ಆ ಪಟ್ಟಿ ಓರಿನ್‌ನ ಕೂಸು. ಅದಿರಿನ ಹಡಗುಕಟ್ಟೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನಿಗೆ ಡೇಟಾಬೇಸ್ ಏನು ಗೊತ್ತು? ಮೂವತ್ತೊಂದು ವರ್ಷ ಅದರಲ್ಲೇ ಕೂದಲು ನರೆಸಿಕೊಂಡ ಹೆಂಡತಿ ಪಕ್ಕದಲ್ಲೇ ಕೂತಿದ್ದರೂ ಅವನು ಕೇಳಿದವನಲ್ಲ.

ಜನವರಿ 6, ಮಂಗಳವಾರ

ಇನ್ನೂರ ಹದಿನಾಲ್ಕು ಜನ. ಒಬ್ಬೊಬ್ಬರ ಮುಂದೆಯೂ ‘ಆಪ್ತರು’ ಎಂಬ ಒಂದು ಕೋಣೆ. ಅದರಲ್ಲಿ ಮಗಳು, ಅಲ್ಪವಿರಾಮ, ಪಕ್ಕದ ಮನೆಯವನು, ಅಲ್ಪವಿರಾಮ, ಚರ್ಚಿನಾಕೆ, ಅಲ್ಪವಿರಾಮ. ಇವರನ್ನೆಲ್ಲ ಬಿಡಿಸಿ ಒಬ್ಬರಿಗೆ ಒಂದು ಸಾಲು ಮಾಡಬೇಕು. ಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಭಾಷೆಯಲ್ಲಿ ನಾಲ್ಕು ಸಾಲಿನ ಆಜ್ಞೆ: ಅಲ್ಪವಿರಾಮ ಸಿಕ್ಕಲ್ಲಿ ಕತ್ತರಿಸು, ಪ್ರತಿ ತುಂಡನ್ನೂ ಹೊಸ ಸಾಲಿಗಿಡು, ಪಕ್ಕದಲ್ಲಿ ಅದು ಯಾರ ಆಪ್ತರೋ ಅವರ ಪಟ್ಟಿಯ ನಂಬರು ಬರೆ. ಕಣ್ಣು ಮುಚ್ಚಿಕೊಂಡು ಮಾಡುತ್ತೇನೆ.

ಕತ್ತರಿಸಿದರೆ ಏನು ಬಂತು ನೋಡು. ಒಬ್ಬ ಆಪ್ತನ ಹೆಸರು ‘ಜೂನಿಯರ್’, ಯಾರದೋ ಹೆಸರಿನ ಬಾಲ ತುಂಡಾಗಿ ಬಂದದ್ದು. ಇನ್ನೊಬ್ಬರ ಹೆಸರು ‘ನಾಯಿ ಕಚ್ಚುತ್ತೆ’. ಮತ್ತೊಬ್ಬರು ‘ತಮ್ಮನ ಸುದ್ದಿ ಎತ್ತಬೇಡಿ’. ಆಪ್ತರ ಕೋಣೆಯಲ್ಲಿ ಬರೆಯುವ ವಿಷಯವೇ ಇದು? ಗಟ್ಟಿಯಾಗಿ ಬೈದೆ. ಬೈದು, ಯಾವಾಗಿನ ಹಾಗೆ ಅಡುಗೆಮನೆಯ ಕಡೆಯಿಂದ “ಅದು ಗೊತ್ತಿರ್ಬೇಕಲ್ವೇನೇ” ಎಂಬ ಉತ್ತರಕ್ಕೆ ಒಂದು ಕ್ಷಣ ಕಾದೆ. ಪೆದ್ದಿ.

ಅದಕ್ಕಿಂತ ದೊಡ್ಡ ಕಾಟ ಎಂದರೆ ಪ್ರತಿ ಪಟ್ಟಿಯ ಕೊನೆಗೂ ಅವನು ಒಂದು ಅಲ್ಪವಿರಾಮ ಹಾಕಿದ್ದಾನೆ. “ಮುಂದೆ ಯಾರಾದ್ರೂ ಸೇರ್ಬೋದು, ಜಾಗ ಇರ್ಲಿ” ಅನ್ನುತ್ತಿದ್ದ. ಅದರಿಂದಾಗಿ ಪ್ರತಿಯೊಬ್ಬರಿಗೂ ಕೊನೆಯಲ್ಲಿ ಹೆಸರಿಲ್ಲದ ಒಂದು ಸಾಲು ಬರುತ್ತಿದೆ. ಐದನೆಯ ಸಾಲಾಗಿ ಒಂದು ಆಜ್ಞೆ ಸೇರಿಸಿದೆ. ಖಾಲಿ ಇದ್ದರೆ ಬಿಡು. ಕಸವೆಲ್ಲ ಹೋಯಿತು, ಪಟ್ಟಿ ತೊಳೆದಿಟ್ಟ ಹಾಗಾಯಿತು.

ಮಂಗಳವಾರ. ಈ ದಿನ ಮಧ್ಯಾಹ್ನ “ಬೋಲ್ಟ್ ತರ್ತೀನಿ” ಎಂದು ಹೋಗಿ ಕತ್ತಲಾದ ಮೇಲೆ ಬರುತ್ತಿದ್ದ. ವರ್ಷಗಟ್ಟಲೆ. ಒಂದೇ ಒಂದು ಬೋಲ್ಟನ್ನೂ ನಾನು ಕಂಡಿಲ್ಲ. ಕೇಳುವುದನ್ನೂ ಬಿಟ್ಟಿದ್ದೆ. ಅಂತ್ಯಕ್ರಿಯೆಯ ದಿನ ಕಿವಿ ಮುಚ್ಚುವ ಟೋಪಿಯ ಮುದುಕನೊಬ್ಬ ನನ್ನ ಕೈ ಹಿಡಿದು “ಇನ್ನು ಮಂಗಳವಾರ ಏನ್ ಮಾಡ್ಬೇಕೋ ಗೊತ್ತಾಗ್ತಿಲ್ಲಮ್ಮ” ಎಂದಿದ್ದ. ಯಾರೋ ಅರಳುಮರಳು ಎಂದುಕೊಂಡು ಕೈ ಬಿಡಿಸಿಕೊಂಡಿದ್ದೆ. ಇದ್ದಕ್ಕಿದ್ದಂತೆ ನೆನಪಾಯಿತು.

ಜನವರಿ 8, ಗುರುವಾರ

ಮುಗಿಯಿತು. ಇನ್ನೂರ ಹದಿನಾಲ್ಕು ಸಾಲು ಹೋಗಿ ಐನೂರ ಅರವತ್ತೊಂದು ಸಾಲಾಗಿದೆ. ಹೊಸ ಸಿಸ್ಟಮ್ ಒಂದೂ ತಕರಾರು ಮಾಡದೆ ನುಂಗಿತು. ಇನ್ನು ಫೋನ್ ಮಾಡುವವರು ತಮ್ಮ ಪರದೆಯಲ್ಲಿ ಈ ಸಾಲುಗಳಿಂದ ಬಂದ ಹೆಸರನ್ನಷ್ಟೇ ನೋಡಿದರೆ ಸಾಕು. ಹಳೆಯ ಪಟ್ಟಿಗೆ ಬೀಗ.

“ಮೂರು ದಿನದಲ್ಲಿ ಮಾಡ್ಬಿಟ್ಯಲ್ಲೇ,” ಎಂದಳು ಮಾರ್ಲಿಸ್.

“ಮೊದ್ಲೇ ನೆಟ್ಟಗೆ ಮಾಡಿದ್ರೆ ಮೂರು ಗಂಟೆ ಸಾಕಿತ್ತು.”

ಮನೆಗೆ ಬಂದ ಮೇಲೆ ಖುಷಿಯಾಗಬೇಕಿತ್ತು. ಅವನು ಹತ್ತೊಂಬತ್ತು ವರ್ಷ ಎರಡು ಬೆರಳಿನಲ್ಲಿ ಕುಟ್ಟಿದ್ದನ್ನು ನಾನು ಒಂದು ಗುಂಡಿ ಒತ್ತಿ ತುಂಡು ಮಾಡಿದೆ. ಅವನ ಶರ್ಟುಗಳನ್ನು ಚರ್ಚಿಗೆ ಕೊಟ್ಟಾಗಲೂ ಹೀಗೆ ಅನ್ನಿಸಿರಲಿಲ್ಲ. ‘ನಾಯಿ ಕಚ್ಚುತ್ತೆ’ಯನ್ನು ಅಳಿಸಲು ಮನಸ್ಸಾಗಲಿಲ್ಲ, ಟಿಪ್ಪಣಿಯ ಕೋಣೆಗೆ ಹಾಕಿದೆ.

ಜನವರಿ 11, ಭಾನುವಾರ

ಕರ್ಟ್ ಫೋನ್ ಮಾಡುವ ಬದಲು ಇವತ್ತು ಬಾಗಿಲಿಗೇ ಬಂದ. ಮಗಳ ಮನೆಗೆ, ಟೂಸಾನ್‌ಗೆ ಹೋಗುತ್ತಾನಂತೆ, ಆರು ವಾರ. ಮೂವತ್ತು ವರ್ಷ ಹಿಮದಲ್ಲಿ ಅಂಚೆ ಹಂಚಿದ ಮಂಡಿ, ಬಿಸಿಲು ಬೇಕಂತೆ.

“ನಾಳೆಯಿಂದ ಬೇರೆ ಯಾರಾದ್ರೂ ಮಾಡ್ತಾರೆ. ಅವ್ರ ಮೇಲೆ ರೇಗಬೇಡ, ನನ್ನಷ್ಟು ದಪ್ಪ ಚರ್ಮ ಎಲ್ರಿಗೂ ಇರಲ್ಲ.”

“ಮಾಡದಿದ್ರೂ ನಡಿಯತ್ತೆ ಅಂತ ನಿಮ್ಮ ಮಾರ್ಲಿಸ್‌ಗೆ ಹೇಳು.”

ಅವನು ಟೋಪಿ ಹಾಕಿಕೊಂಡು ಹೋದ.

ಜನವರಿ 12, ಸೋಮವಾರ

ಹೊಸ ಸಿಸ್ಟಮ್ ಶುರು. ಒಂದೂ ದೂರು ಬಂದಿಲ್ಲ ಎಂದು ಮಾರ್ಲಿಸ್ ಸಂದೇಶ ಕಳಿಸಿದ್ದಾಳೆ.

ಒಂಬತ್ತಕ್ಕೆ ಫೋನ್ ಬರಲಿಲ್ಲ. ಅಂತೂ ಬುದ್ಧಿ ಬಂತು. ನೆಮ್ಮದಿಯಾಗಿ ಕಾಫಿ ಕುಡಿದೆ.

ಜನವರಿ 15, ಗುರುವಾರ

ನೆಮ್ಮದಿಯೇ. ಒಂಬತ್ತೂವರೆಗೆ ಎದ್ದೆ. ಏಳಲೇಬೇಕು ಎನ್ನುವ ಕಾರಣ ಏನಿದೆ? ಮಧ್ಯಾಹ್ನಕ್ಕೆ ಮೊಟ್ಟೆ, ಸಂಜೆಗೂ ಅದೇ.

ಜನವರಿ 19, ಸೋಮವಾರ

ಫೋನು ಕೆಟ್ಟಿದೆಯೇ ಎಂದು ನೋಡಿದೆ. ಕೆಟ್ಟಿಲ್ಲ. ಇವತ್ತು ಇಡೀ ದಿನ ನಾನು ಬಾಯಿ ತೆರೆದು ಒಂದು ಮಾತೂ ಆಡಿಲ್ಲ ಎಂಬುದು ಸಂಜೆ ಗೊತ್ತಾಯಿತು. “ಆಯ್ತು” ಎಂದು ಸುಮ್ಮನೆ ಹೇಳಿ ನೋಡಿದೆ.

ಜನವರಿ 24, ಶನಿವಾರ

ನಿನ್ನೆಯದನ್ನು ಬರೆಯಬೇಕು. ಬರೆಯದಿದ್ದರೆ ತಲೆಯಲ್ಲೇ ಸುತ್ತುತ್ತದೆ.

ಬೆಳಿಗ್ಗೆ ಹತ್ತಕ್ಕೆ ಮಾರ್ಲಿಸ್ ಫೋನ್ ಮಾಡಿದಳು. ರೈನೋ ನಿಸ್ಕಲಾ ಎಂಬ ಮುದುಕ, ಎಂಬತ್ತೇಳು ವರ್ಷ, ಹಳೇ ಗರಗಸದ ಮಿಲ್ಲಿನ ರಸ್ತೆಯ ಕೊನೆಯ ಮನೆ. ಹಿಮ ತೆಗೆಯುವ ಗಾಡಿಯವನು ಮನೆ ಮುಂದೆ ಹೆಜ್ಜೆ ಗುರುತು ಇಲ್ಲದ್ದನ್ನು ಕಂಡು ಪೊಲೀಸರನ್ನು ಕರೆದನಂತೆ. ಬಾಗಿಲು ಒಡೆದರೆ ಮುದುಕ ಅಡುಗೆಮನೆಯ ನೆಲದ ಮೇಲೆ ಸತ್ತಿದ್ದಾನೆ.

“ಅವ್ನು ನಮ್ಮ ಪಟ್ಟಿಯಲ್ಲಿದ್ದ ಅಂತ ನಾನು ಆಣೆ ಮಾಡಿ ಹೇಳ್ತೀನಿ ಇನೆಜ್. ಈಗ ಹುಡುಕಿದ್ರೆ ಹೆಸ್ರೇ ಇಲ್ಲ. ನೀನು ಸ್ವಲ್ಪ ಬಾ.”

ಕಾರಿನಲ್ಲಿ ಹೋಗುವಾಗಲೇ ನನಗೆ ತಿಳಿದುಹೋಗಿತ್ತು. ತಿಳಿಯಲಿಲ್ಲ ಎಂದು ಹೇಗೆ ಹೇಳಲಿ, ಮೂವತ್ತೊಂದು ವರ್ಷ ಇದೇ ಕೆಲಸ ಮಾಡಿದವಳು. ಐನೂರ ಅರವತ್ತೊಂದು ಸಾಲು ಎಂದು ಬೀಗಿದೆನೇ ಹೊರತು ಅದರಲ್ಲಿ ಜನ ಎಷ್ಟು ಎಂದು ಎಣಿಸಲಿಲ್ಲ. ಸಾಲು ಹೆಚ್ಚಾಗಿದ್ದರಿಂದ ಜನ ಕಡಿಮೆಯಾದದ್ದು ಕಾಣಲಿಲ್ಲ.

ಎಣಿಸಿದೆ. ಇನ್ನೂರ ಎರಡು.

ಹನ್ನೆರಡು ಜನರ ಆಪ್ತರ ಕೋಣೆಯಲ್ಲಿ ಓರಿನ್ ಯಾರ ಹೆಸರನ್ನೂ ಬರೆದಿರಲಿಲ್ಲ. ಬರೀ ಒಂದು ಅಲ್ಪವಿರಾಮ ಇತ್ತು. ಅದನ್ನು ಕತ್ತರಿಸಿದರೆ ಆಚೆಗೂ ಖಾಲಿ, ಈಚೆಗೂ ಖಾಲಿ. ಖಾಲಿ ಇದ್ದರೆ ಬಿಡು ಎಂದು ನಾನು ಹೇಳಿದ್ದೆ, ಅದು ಬಿಟ್ಟಿತು. ಯಾರೂ ಇಲ್ಲದವರನ್ನೇ ಆರಿಸಿ ಬಿಟ್ಟಿತು. ಹನ್ನೊಂದು ದಿನ ಅವರ ಮನೆಯ ಫೋನು ರಿಂಗಾಗಿಲ್ಲ.

ಹನ್ನೆರಡು ಸಂಖ್ಯೆಗಳನ್ನು ಮುದ್ರಿಸಿ ಮಾರ್ಲಿಸ್ ಕೈಗೆ ಕೊಟ್ಟೆ. ಹೆಸರು ತೆಗೆಯುವಷ್ಟು ಪುರುಸೊತ್ತೂ ಇರಲಿಲ್ಲ, ಪಟ್ಟಿಯ ನಂಬರು ಮತ್ತು ಫೋನ್ ನಂಬರು ಅಷ್ಟೇ. ಪೊಲೀಸರು ಕೊಟ್ಟಿದ್ದ ರೈನೋನ ನಂಬರನ್ನು ಅವಳು ಪೆನ್ನಿನಿಂದ ಹೊಡೆದು ಹಾಕಿದಳು. ಉಳಿದವಕ್ಕೆ ಒಂದೊಂದಾಗಿ ಡಯಲ್ ಮಾಡುತ್ತಾ ಹೋದಳು. ನಾನು ಪಕ್ಕದಲ್ಲಿ ಕೂತು ಗುರುತು ಹಾಕಿದೆ. ಎತ್ತಿದರು. ಎತ್ತಿದರು. ಮೂರನೆಯಾಕೆ “ಏನು, ನಾನಿನ್ನೂ ಸತ್ತಿಲ್ಲ ಅಂತ ಈಗ ನೆನಪಾಯ್ತಾ ನಿಮ್ಗೆ?” ಎಂದು ಕೇಳಿದಳು. ಹತ್ತು ಜನ ಎತ್ತಿದರು. ದೇವರೇ, ಹತ್ತು ಜನ.

ಕೊನೆಯದಕ್ಕೆ ಡಯಲ್ ಮಾಡಿದಳು. ಬಾಗಿಲ ಬಳಿ ತೂಗುಹಾಕಿದ್ದ ನನ್ನ ಕೋಟಿನ ಜೇಬಿನಲ್ಲಿ ಫೋನ್ ರಿಂಗಾಯಿತು.

“ನಿಂದು ಬರ್ತಿದೆ ನೋಡು, ಆಮೇಲೆ ಮಾತಾಡು, ಈ ನಂಬರ್‌ನವ್ರು ಎತ್ತುತ್ತಿಲ್ಲ,” ಎಂದಳು ಮಾರ್ಲಿಸ್.

ನಾನು ಕೂತಲ್ಲೇ ಕೂತಿದ್ದೆ. ಅವಳು ಎರಡನೆಯ ಸಲ ಡಯಲ್ ಮಾಡಿದಳು. ಕೋಟು ಮತ್ತೆ ರಿಂಗಾಯಿತು. ಅವಳು ಕೋಟನ್ನು ನೋಡಿದಳು, ಹಾಳೆಯನ್ನು ನೋಡಿದಳು, ಆಮೇಲೆ ಫೋನ್ ಇಟ್ಟಳು.

ಹಳೆಯ ಪಟ್ಟಿ ತೆಗೆದು ನೋಡಿದೆ. ನನ್ನ ಹೆಸರು, ನನ್ನ ವಿಳಾಸ, ಸೆಪ್ಟೆಂಬರ್ 9ರಂದು ಸೇರಿಸಿದ್ದು. ಓರಿನ್ ಹೋದದ್ದು ಸೆಪ್ಟೆಂಬರ್ 30ಕ್ಕೆ.

“ನಾನು ಯಾರನ್ನೂ ಹಚ್ಚಿರ್ಲಿಲ್ಲ ಕಣೇ,” ಎಂದಳು ಮಾರ್ಲಿಸ್. “ಕರ್ಟ್ ಪಟ್ಟಿ ನೋಡ್ಕೊಂಡು ಮಾಡ್ತಿದ್ದ, ಅಷ್ಟೇ.”

ಜನವರಿ 27, ಮಂಗಳವಾರ

ಸೊಂಟದ ಮೂಳೆ ಮುರಿದಿತ್ತಂತೆ. ಬಿದ್ದದ್ದು ಮಂಗಳವಾರ ಇಪ್ಪತ್ತನೇ ತಾರೀಕು ಇರಬೇಕು ಎಂದರು ವೈದ್ಯರು. ಬಿದ್ದ ಮೇಲೆ ಒಂದು ದಿನಕ್ಕಿಂತ ಹೆಚ್ಚು ಬದುಕಿದ್ದ. ಬುಧವಾರ ಬೆಳಿಗ್ಗೆ ಒಂದು ಫೋನ್ ಹೋಗಿದ್ದರೆ, ಅದನ್ನು ಎತ್ತದಿದ್ದರೆ, ಯಾರಾದರೂ ಹೋಗಿ ಬಾಗಿಲು ಬಡಿದಿದ್ದರೆ. ಈ ಮೂರು ‘ರೆ’ಗಳ ಆಚೆ ನನಗೆ ಹೋಗಲಾಗುತ್ತಿಲ್ಲ.

ಇನ್ನೂ ಇದೆ. ಕರೆಗಳ ದಾಖಲೆಯಲ್ಲಿ ಜನವರಿ 14ರ ಒಂದು ನಮೂದು ಸಿಕ್ಕಿದೆ. ರೈನೋ ತಾನೇ ಕಚೇರಿಗೆ ಫೋನ್ ಮಾಡಿದ್ದಾನೆ. ಎರಡು ದಿನದಿಂದ ನನಗೆ ಕರೆ ಬಂದಿಲ್ಲ ಎಂದಿದ್ದಾನೆ. ಫೋನ್ ತೆಗೆದುಕೊಂಡಾಕೆ ಹೊಸಬಳು, ಹುಡುಕಿದಳು, ಸಿಗಲಿಲ್ಲ. ಹೊಸದಾಗಿ ಸೇರಿಸಲು ನೋಡಿದಳು. ಆಪ್ತರ ಹೆಸರಿಲ್ಲದೆ ಸಿಸ್ಟಮ್ ಮುಂದಕ್ಕೆ ಬಿಡಲಿಲ್ಲ. ಯಾರಾದರೊಬ್ಬರ ಹೆಸರು ಹೇಳಿ ಎಂದು ಕೇಳಿದಳಂತೆ.

“‘ಇದ್ದವ್ನು ಹೋದ, ಇನ್ಯಾರ ಹೆಸ್ರು ಹೇಳ್ಲಿ? ಇರ್ಲಿ ಬಿಡಮ್ಮ, ನಿಂಗ್ಯಾಕೆ ತೊಂದ್ರೆ’ ಅಂದ್ರು. ಥ್ಯಾಂಕ್ಸ್ ಅಂತ ಬೇರೆ ಹೇಳಿದ್ರು,” ಎಂದು ಆಕೆ ನನ್ನ ಮುಂದೆ ಬಿಕ್ಕಿ ಬಿಕ್ಕಿ ಅತ್ತಳು.

ಆ ಕೋಣೆ ಖಾಲಿ ಬಿಡುವಂತಿಲ್ಲ ಎಂಬ ನಿಯಮ ಹಾಕಿದವಳೂ ನಾನೇ. ಅವಳಿಗೆ ಹೇಳಿದೆ. ಅಳುವುದಾದರೆ ನಾನು ಅಳಬೇಕು, ನೀನಲ್ಲ ಎಂದೆ.

ಜನವರಿ 29, ಗುರುವಾರ

ಬರೆಯಲು ಏನೂ ಇಲ್ಲ. ನಾನು ಕೊಂದೆ.

ಜನವರಿ 31, ಶನಿವಾರ

ರೈನೋನ ಅಂತ್ಯಕ್ರಿಯೆ. ಪಾದ್ರಿ, ಮಾರ್ಲಿಸ್, ನಾನು, ಹಿಮದ ಗಾಡಿಯವನು, ಚರ್ಚಿನ ಇಬ್ಬರು ಹೆಂಗಸರು. ಮುಖ ತೋರಿಸಿದರು. ಕಿವಿ ಮುಚ್ಚುವ ಟೋಪಿ ಇರಲಿಲ್ಲ, ಆದರೂ ಗುರುತು ಸಿಕ್ಕಿತು. ನನ್ನ ಕೈ ಹಿಡಿದಿದ್ದವನು. ನಾನು ಬಿಡಿಸಿಕೊಂಡಿದ್ದೆ.

ಆಮೇಲೆ ಮಾರ್ಲಿಸ್ ಜೊತೆ ಅವನ ಮನೆಗೆ ಹೋದೆ, ನೀರಿನ ಕೊಳವೆ ಒಡೆಯದಂತೆ ನೋಡಿಕೊಳ್ಳಬೇಕಿತ್ತು. ಅಡುಗೆಮನೆ ಚೊಕ್ಕಟ. ಮೇಜಿನ ಮೇಲೆ ಕ್ರಿಬೇಜ್ ಆಟದ ಹಲಗೆ. ಇಸ್ಪೀಟು ಆಡಿ, ಗೆದ್ದ ಅಂಕಕ್ಕೆ ತಕ್ಕಂತೆ ತೂತಿನಿಂದ ತೂತಿಗೆ ಕಡ್ಡಿ ಸರಿಸುತ್ತಾ ಹೋಗುವ ಆಟ. ಕಡ್ಡಿಗಳು ನಡುದಾರಿಯಲ್ಲಿ ನಿಂತಿದ್ದವು. ಪಕ್ಕದ ಚೀಟಿಯಲ್ಲಿ ಓರಿನ್‌ನ ಕೈಬರಹ: “ಸೆ. 23. ಮುಂದಿನ ಮಂಗಳವಾರ ಮುಗಿಸೋಣ.”

ಮುಂದಿನ ಮಂಗಳವಾರ ಎಂದರೆ ಮೂವತ್ತು. ನಾಲ್ಕು ತಿಂಗಳು ಆ ಮುದುಕ ಅದೇ ಮೇಜಿನಲ್ಲಿ ಉಂಡಿದ್ದಾನೆ, ಒಂದು ಕಡ್ಡಿಯನ್ನೂ ಅಲುಗಿಸಿರಲಿಲ್ಲ.

ಮಾರ್ಲಿಸ್ ಹಲಗೆಯನ್ನು ಟವೆಲಿನಲ್ಲಿ ಸುತ್ತಿ ನನ್ನ ಕೈಗಿಟ್ಟಳು. ಮನೆಗೆ ಬರುವವರೆಗೂ ಮಡಿಲಲ್ಲಿಟ್ಟುಕೊಂಡೇ ಕಾರು ಓಡಿಸಿದೆ. ಮನೆಯ ಮುಂದೆ ನಿಲ್ಲಿಸಿ, ಓರಿನ್ ಹೋದಾಗ ಅಳದೆ ಉಳಿದದ್ದನ್ನೆಲ್ಲ ಅತ್ತೆ. ಯಾರಿಗಾಗಿ ಅಳುತ್ತಿದ್ದೇನೆ ಎಂಬುದು ನನಗೇ ತಿಳಿಯಲಿಲ್ಲ.

ಫೆಬ್ರವರಿ 3, ಮಂಗಳವಾರ

ಕರ್ಟ್ ಬಿಸಿಲು ಬಿಟ್ಟು ಬಂದಿದ್ದಾನೆ. ಸುದ್ದಿ ಕೇಳಿ ಅಲ್ಲಿರಲಾಗಲಿಲ್ಲವಂತೆ. ನನ್ನ ಅಡುಗೆಮನೆಯಲ್ಲಿ ಕೂತು ಕಾಫಿ ಆರಿಸಿದ, ಕುಡಿಯಲಿಲ್ಲ.

“ಬರೀ ಕಾಮಾ ಇದ್ರೆ ಓರಿನ್ ಅಂತ ಅರ್ಥ, ಇನೆಜ್. ಯಾರೂ ಇಲ್ದೋರಿಗೆ ಅವ್ನೇ ಹೋಗ್ತಿದ್ದ. ಮಂಗಳವಾರ ಸುಮ್ನೆ ಒಂದು ಸುತ್ತು, ಕೊನೇಲಿ ರೈನೋ ಮನೇಲಿ ಎರಡು ಆಟ. ಅವ್ನು ಹೋದ್ಮೇಲೆ ನಾನು ಹೋಗ್ತಿದ್ದೆ. ಎಲ್ಲೂ ಬರೆದಿಡ್ಲಿಲ್ಲ, ಯಾರಿಗೂ ಹೇಳ್ಲಿಲ್ಲ. ಫೋನಂತೂ ಹೋಗತ್ತಲ್ಲ ಅಂದ್ಕೊಂಡು ಹೊರಟ್ಬಿಟ್ಟೆ.”

“ನಂಗ್ಯಾಕೆ ಹೇಳ್ಲಿಲ್ಲ ಅವ್ನು? ಬೋಲ್ಟು ಬೋಲ್ಟು ಅಂತ ಸುಳ್ಳು ಹೇಳ್ಕೊಂಡು.”

“ಹೃದಯ ಹಾಳಾಗಿದೆ ಅಂತ ಡಾಕ್ಟ್ರು ಹೇಳಿದ್ಮೇಲೂ ಹನ್ನೊಂದು ಮನೆ ಮೆಟ್ಲು ಹತ್ತೋಕೆ ನೀನು ಬಿಡ್ತಿದ್ಯಾ?”

ಡಾಕ್ಟರು ಹೇಳಿದ್ದೂ ನನಗೆ ಗೊತ್ತಿರಲಿಲ್ಲ. ನನಗೆ ಹೇಳದೆ ಕರ್ಟ್‌ಗೆ ಹೇಳಿದ್ದಾನೆ. ಮೂವತ್ತೆಂಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ ಮನುಷ್ಯ. ಎದ್ದು ಹೋಗಿ ಸಿಂಕ್‌ನಲ್ಲಿ ಇಲ್ಲದ ಪಾತ್ರೆ ತೊಳೆದೆ. ತಿರುಗದೆಯೇ ಕೇಳಿದೆ, ನನ್ನ ಹೆಸರಿನ ಮುಂದೆಯೂ ಬರೀ ಕಾಮಾ ಇದೆಯಲ್ಲ ಎಂದು.

“ನಾನೂ ಅದನ್ನೇ ಕೇಳ್ದೆ,” ಎಂದ ಕರ್ಟ್. “‘ನಾನು ಹೋದ ಮಾರನೇ ದಿನದಿಂದ ಒಂಬತ್ತಕ್ಕೆ ಮಾಡು, ಬೈತಾಳೆ, ಬೈಸ್ಕೋ’ ಅಂದ. ಸರಿ, ಎತ್ತದಿದ್ರೆ ಯಾರು ಹೋಗ್ಬೇಕು, ಕಾಮಾ ಅಂದ್ರೆ ನೀನಲ್ವೇನೋ ಅಂದೆ. ‘ಆಗಿದ್ರೆ ಹೋಗ್ತಿದ್ದೆ ಕಣೋ’ ಅಂದ. ಬೇರೆ ಹೆಸ್ರು ಬರೀಲಿಲ್ಲ.”

ಕರ್ಟ್ ಹೋದ ಮೇಲೆ ಕ್ರಿಬೇಜ್ ಹಲಗೆಯನ್ನು ಕಿಟಕಿಯ ಬಳಿ ಇಟ್ಟೆ. ನೂರ ಇಪ್ಪತ್ತೊಂದಕ್ಕೆ ಆಟ ಮುಗಿಯುತ್ತದಂತೆ. ನಿನ್ನ ಕಡ್ಡಿ ತೊಂಬತ್ತಾರರಲ್ಲಿದೆ. ರೈನೋನದು ನೂರ ಹದಿನೇಳರಲ್ಲಿ. ನೀನು ಸೋಲುತ್ತಿದ್ದೆ ಓರಿನ್.

ಫೆಬ್ರವರಿ 10, ಮಂಗಳವಾರ

ಇಷ್ಟು ದಿನ ಮಾರ್ಲಿಸ್ ಆ ಹಾಳೆ ನೋಡಿಕೊಂಡೇ ಆ ಹತ್ತು ಜನರಿಗೆ ಕರೆ ಮಾಡುತ್ತಿದ್ದಳು. ಇವತ್ತು ಐದನೆಯ ಆಜ್ಞೆಯನ್ನು ಬದಲಾಯಿಸಿದ್ದೇನೆ. ಖಾಲಿ ಇದ್ದರೂ ಇಟ್ಟುಕೋ. ನಿಯಮವನ್ನೂ ತೆಗೆದೆ. ಓಡಿಸಿ, ಈ ಸಲ ಸಾಲನ್ನಲ್ಲ, ಜನರನ್ನು ಎಣಿಸಿದೆ. ಇನ್ನೂರ ಹದಿನಾಲ್ಕು ಬಂತು. ಬರಬೇಕಾದದ್ದು ಇನ್ನೂರ ಹದಿಮೂರು. ರೈನೋನನ್ನು ತೆಗೆಯುವ ಕೆಲಸ ಬಾಕಿ ಇತ್ತು. ಮಾರ್ಲಿಸ್ ತಾನು ಮಾಡುತ್ತೇನೆ ಎಂದಳು. ಬೇಡ, ಮೊದಲ ಸಲ ತೆಗೆದವಳು ನಾನು, ಈಗಲೂ ನಾನೇ ತೆಗೆಯುತ್ತೇನೆ ಎಂದೆ. ಈ ಸಲ ಅವನ ಹೆಸರನ್ನು ಪೂರ್ತಿ ಓದಿ ತೆಗೆದೆ. ರೈನೋ ಯೊಹಾನೆಸ್ ನಿಸ್ಕಲಾ.

ಉಳಿದ ಹತ್ತು ಜನರ ಆಪ್ತರ ಕೋಣೆಯಲ್ಲಿ ನನ್ನ ಹೆಸರು, ನನ್ನ ನಂಬರು ಹಾಕಿದೆ. ಕೊನೆಗೆ ಒಂದು ಅಲ್ಪವಿರಾಮವನ್ನೂ ಹಾಕಿದೆ. ಮೂವತ್ತೊಂದು ವರ್ಷದಲ್ಲಿ ಮಾಡದ ತಪ್ಪು.

ನನ್ನದಕ್ಕೆ ಏನೂ ಸೇರಿಸಿಲ್ಲ. ನೀನು ಹೇಗಿಟ್ಟಿದ್ದೆಯೋ ಹಾಗೇ ಇದೆ.

ಮಧ್ಯಾಹ್ನ ಮೊದಲ ಸುತ್ತು. ಮೂರನೆಯಾಕೆ, ಅವತ್ತು ಫೋನಿನಲ್ಲಿ ನನ್ನನ್ನಲ್ಲ, ಮಾರ್ಲಿಸ್‌ಳನ್ನು ಝಾಡಿಸಿದವಳು, ಹೆಸರು ಹಿಲ್ಯಾ. ತೊಂಬತ್ತೊಂದು. ಬಾಗಿಲಲ್ಲೇ ನಿಂತು ಹೇಳಿದೆ, ನಿಮ್ಮ ಹೆಸರು ಬಿಟ್ಟುಹೋಗಿದ್ದು ನನ್ನಿಂದ, ರೈನೋ ಸತ್ತದ್ದೂ ನನ್ನಿಂದ ಎಂದು. ಎಲ್ಲರಿಗೂ ಹೇಳಬೇಕೆಂದು ಕಾರಿನಲ್ಲಿ ನಿಶ್ಚಯಿಸಿದ್ದೆ. ಆಕೆ ಪರವಾಗಿಲ್ಲ ಎನ್ನಲಿಲ್ಲ.

“ಓರಿನ್ ಹೆಂಡ್ತೀನಾ ನೀನು? ಒಳಗ್ ಬಾ, ಚಳಿ ನುಗ್ತಿದೆ. ಕ್ರಿಬೇಜ್ ಆಡಕ್ಕೆ ಬರತ್ತಾ?”

“ಬರಲ್ಲ. ಮೂವತ್ತೆಂಟು ವರ್ಷ ಕಲಿಸ್ತೀನಿ ಅಂದ, ನಾನೇ ಕೂರ್ಲಿಲ್ಲ.”

“ಹಲಗೆ ತಂದಿದ್ಯಾ?”

“ಒಂದಿದೆ. ಅದ್ರಲ್ಲಿ ಆಟ ಅರ್ಧಕ್ಕೆ ನಿಂತಿದೆ.”

ಅವಳು ಒಳಗೆ ಹೋಗಿ ತನ್ನದನ್ನು ತಂದಳು. ಎರಡು ಆಟ ಸೋತೆ.

ಫೆಬ್ರವರಿ 11, ಬುಧವಾರ

ಎಂಟೂಮುಕ್ಕಾಲಿಗೆ ಕಾಫಿ ಮಾಡಿ ಫೋನನ್ನು ಮೇಜಿನ ಮೇಲಿಟ್ಟುಕೊಂಡು ಕೂತಿದ್ದೆ. ಒಂಬತ್ತಕ್ಕೆ ರಿಂಗಾಯಿತು.

“ಹೆಂಗಿದ್ದೀಯ ಇನೆಜ್?”

ಬದುಕಿದ್ದೀನಿ ಎನ್ನಲು ಬಾಯಿ ಬರಲಿಲ್ಲ. ಆ ಮಾತನ್ನು ಇನ್ನು ನಾನು ಆಡಲಾರೆ.

“ಇಲ್ಲೇ ಇದ್ದೀನಿ,” ಎಂದೆ. “ಇಡಬೇಡ, ಸ್ವಲ್ಪ ಹೊತ್ತು ಇರು.”